ರಾತ್ರಿಯ ಕಡಲಿಗೆ ಹಗಲಿನ ಸಿದ್ಧತೆ

ಸೌಪರ್ಣಿಕಾ, ವಾರಾಹಿ, ಚಕ್ರಾ ಮೊದಲಾದ ಐದು ನದಿಗಳು ಒಂದಾಗಿ, ಪಂಚಗಂಗಾವಳಿಯೆಂಬ ಒಂದೇ ಹೆಸರಿನಿಂದ ಅರಬ್ಬೀ ಸಮುದ್ರವನ್ನು ಸೇರುವ ಸ್ಥಳದಲ್ಲಿದೆ ಗಂಗೊಳ್ಳಿ. ಸಂಜೆ ನಾಲ್ಕರ ಹೊತ್ತಿಗೆ ಅಲ್ಲಿನ ಬಂದರಿನಲ್ಲಿ ನಿಂತು ನೋಡಿದವರಿಗೆ ಮೀನುಗಾರನ ರಾತ್ರಿ ಸೂರ್ಯಾಸ್ತದ ನಂತರ ಆರಂಭವಾಗುವುದಿಲ್ಲವೆಂಬುದು ತಿಳಿಯುತ್ತದೆ. ಒಬ್ಬ ಬಲೆಯ ಹರಿದ ಕಣ್ಣುಗಳನ್ನು ಹೆಣೆಯುತ್ತಿರುತ್ತಾನೆ. ಇನ್ನೊಬ್ಬ ದೋಣಿಯ ತಳದಲ್ಲಿ ನಿಂತ ನೀರನ್ನು ಮೊಗೆದು ಚೆಲ್ಲುತ್ತಿರುತ್ತಾನೆ. ಮತ್ತೊಬ್ಬ ಎಂಜಿನಿನ ಮುಚ್ಚಳ ತೆಗೆದು ಅದರೊಳಗೆ ತಲೆ ಹಾಕಿರುತ್ತಾನೆ. ನೋಡುವವನಿಗೆ ಇದು ನಿತ್ಯದ ಚಿಲ್ಲರೆ ಕೆಲಸ. ಆದರೆ ಹೋದವರು ಮರಳಿ ಬರುವರೇ ಇಲ್ಲವೇ ಎಂಬುದು ಬಹುಮಟ್ಟಿಗೆ ನಿರ್ಧಾರವಾಗುವುದು ಈ ಎರಡು ಮೂರು ಗಂಟೆಗಳಲ್ಲಿ.

ಇಂಥ ಒಂದು ಸಂಜೆಯನ್ನು ಕಲ್ಪಿಸಿಕೊಳ್ಳಬಹುದು. ಡಿಸೆಂಬರ್ ತಿಂಗಳು. ಬೆಂಗಳೂರಿನ ಕಚೇರಿಯೊಂದರಲ್ಲಿ ಕೆಲಸದಲ್ಲಿರುವ ಅಳಿಯ ರಜೆಗೆಂದು ಹೆಂಡತಿಯ ತವರಿಗೆ ಬಂದಿದ್ದಾನೆ. ಹೆಂಡತಿಯ ತಮ್ಮನದೊಂದು ನಾಡದೋಣಿ. ಅದನ್ನು ನಡೆಸುವ ತಾಂಡೇಲ ಅವಳ ಸೋದರಮಾವ. ಒಂದು ರಾತ್ರಿಯಾದರೂ ಕಡಲಿಗೆ ಹೋಗಿ ಬಲೆ ಬಿಡುವುದನ್ನು ಕಣ್ಣಾರೆ ಕಾಣಬೇಕೆಂಬುದು ಅಳಿಯನ ಬಹುದಿನದ ಆಸೆ. ಆಕಾಶ ಕನ್ನಡಿಯಂತಿದೆ; ನೀರಿನಲ್ಲಿ ಅಲೆಯ ಸುಳಿವಿಲ್ಲ. ಅಳಿಯ ಸಿದ್ಧನಾಗಿ ಬಂದಿದ್ದಾನೆ. ಆದರೆ ಮಾವ ತಲೆಯಾಡಿಸುತ್ತಾನೆ.

"ಹ್ವಾಯ್, ಕಡಲ್ ಎಲ್ಲಿಗೂ ಹೋತಿಲ್ಲೆ. ನಾಳಿಗ್ ಹೋಪ."

ಅಳಿಯನ ಮುಖ ಬಾಡುತ್ತದೆ. ಕಾರಣವೇನೆಂದು ಅವನಿಗೆ ತಿಳಿಯುವುದು ಮಾವ ತನ್ನ ಮೊಬೈಲಿನಲ್ಲಿ ಬಂದಿದ್ದ ಎಚ್ಚರಿಕೆಯನ್ನು ತೋರಿಸಿದಾಗ: ರಾತ್ರಿ ಗಂಟೆಗೆ 45ರಿಂದ 55 ಕಿಲೋಮೀಟರ್ ವೇಗದ ಬಿರುಗಾಳಿ ಬೀಸುವ ಸಂಭವವಿದೆ, ಮೀನುಗಾರರು ಕಡಲಿಗಿಳಿಯಬಾರದು.

ಆಕಾಶವನ್ನು ಕೇಳಿ ಹೊರಡುವುದು

ಹಿಂದಿನವರು ಮೋಡದ ಬಣ್ಣ, ಗಾಳಿಯ ದಿಕ್ಕು, ಹಕ್ಕಿಗಳ ಹಾರಾಟ ಇವುಗಳಿಂದ ಕಡಲಿನ ಮನಸ್ಸನ್ನು ಅರಿಯುತ್ತಿದ್ದರು. ಆ ಅನುಭವ ಇಂದಿಗೂ ಬೆಲೆಯುಳ್ಳದ್ದೇ. ಆದರೆ ಕಣ್ಣಿಗೆ ಕಾಣುವ ಆಕಾಶ ಕೆಲವೇ ಮೈಲಿಗಳಷ್ಟು. ಇನ್ನೂರು ಮೈಲಿ ದೂರದಲ್ಲಿ ಹುಟ್ಟಿದ ವಾಯುಭಾರ ಕುಸಿತವನ್ನು ಅದು ತೋರಿಸಲಾರದು. ಆದುದರಿಂದ ಭಾರತೀಯ ಹವಾಮಾನ ಇಲಾಖೆಯ ಮೀನುಗಾರರ ಎಚ್ಚರಿಕೆಯನ್ನೂ, ಹೈದರಾಬಾದಿನಲ್ಲಿ 1999ರಲ್ಲಿ ಸ್ಥಾಪನೆಯಾದ ಸಾಗರ ಮಾಹಿತಿ ಕೇಂದ್ರವಾದ 'ಇನ್‌ಕಾಯಿಸ್' ನೀಡುವ ಅಲೆಗಳ ಮುನ್ಸೂಚನೆಯನ್ನೂ ಹೊರಡುವ ದಿನವೇ ನೋಡಬೇಕು. ನಿನ್ನೆಯ ಮುನ್ಸೂಚನೆಯನ್ನು ನಂಬಿ ಹೊರಡುವುದು ಹಳಸಿದ ಅನ್ನವನ್ನು ಉಂಡಂತೆ. ಇನ್ನೊಂದು ಮಾತನ್ನೂ ನೆನಪಿಡಬೇಕು. ಮುನ್ಸೂಚನೆಯಲ್ಲಿ ಹೇಳುವ ಅಲೆಯ ಎತ್ತರ, ಸಾಮಾನ್ಯವಾಗಿ ಆ ಹೊತ್ತಿನ ಅಲೆಗಳಲ್ಲಿ ಅತಿ ಎತ್ತರವಾದ ಮೂರನೆಯ ಒಂದು ಭಾಗದ ಸರಾಸರಿ. ನಡುವೆ ಒಂಟಿಯಾಗಿ ಏಳುವ ಅಲೆ ಅದರ ಎರಡರಷ್ಟು ಎತ್ತರವಿರಬಹುದು. ಎರಡು ಮೀಟರಿನ ಅಲೆಯೆಂದು ಓದಿದವನು ನಾಲ್ಕು ಮೀಟರಿಗೆ ಸಿದ್ಧನಾಗಿರಬೇಕು; ಇಲ್ಲವೇ ಮನೆಯಲ್ಲಿರಬೇಕು.

2017ರ ನವೆಂಬರ್ ಕೊನೆಯಲ್ಲಿ ಕನ್ಯಾಕುಮಾರಿಯ ಸಮೀಪ ಎದ್ದ 'ಓಖಿ' ಚಂಡಮಾರುತ ಈ ಪಾಠವನ್ನು ಬಹು ಕ್ರೂರವಾಗಿ ಕಲಿಸಿತು. ಅದು ಅತಿ ಶೀಘ್ರವಾಗಿ ಬಲಿಯಿತು. ಎಚ್ಚರಿಕೆ ತಲುಪುವ ಮೊದಲೇ ಕೇರಳ, ತಮಿಳುನಾಡುಗಳ ಅನೇಕ ಮೀನುಗಾರರು ಕಡಲಿನ ನಡುವೆ ಇದ್ದರು. ಹೊರಡುವ ಮೊದಲು ಕೇಳುವುದು ಎಷ್ಟು ಮುಖ್ಯವೋ, ಹೊರಟ ಮೇಲೆ ಕೇಳಿಸಿಕೊಳ್ಳುವ ಸಾಧನವನ್ನು ಜೊತೆಗಿಟ್ಟುಕೊಳ್ಳುವುದೂ ಅಷ್ಟೇ ಮುಖ್ಯ.

ಇನ್ನು ಮಳೆಗಾಲದ ಮಾತು ಬೇರೆ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿದೆ. ಮೀನು ಮರಿ ಹಾಕುವ ಕಾಲವೂ ಅದೇ, ಕಡಲು ಮನುಷ್ಯನನ್ನು ಒಲ್ಲದ ಕಾಲವೂ ಅದೇ. ನೂಲು ಹುಣ್ಣಿಮೆಯಂದು ಕಡಲಿಗೆ ಹಾಲು, ತೆಂಗಿನಕಾಯಿ ಅರ್ಪಿಸುವ ನಮ್ಮ ಕರಾವಳಿಯ ಆಚರಣೆಯಲ್ಲಿ, ಅನುಮತಿ ಕೇಳದೆ ಕಡಲಿಗೆ ಇಳಿಯಬಾರದೆಂಬ ಹಿರಿಯರ ವಿವೇಕ ಅಡಗಿದೆ.

ದೋಣಿ, ಎಂಜಿನು ಮತ್ತು ಮೂರು ಪಾಲಿನ ಲೆಕ್ಕ

ಮರುದಿನ ಗಾಳಿ ಅಡಗಿತು, ಎಚ್ಚರಿಕೆಯನ್ನು ಹಿಂತೆಗೆದುಕೊಂಡರು. ಸಂಜೆ ನಾಲ್ಕಕ್ಕೆ ಮಾವ ದೋಣಿಯನ್ನು ಮುಟ್ಟಿ ನೋಡಲು ಆರಂಭಿಸಿದ. ಮುಟ್ಟಿ ನೋಡುವುದೆಂಬ ಮಾತು ಇಲ್ಲಿ ಅಲಂಕಾರವಲ್ಲ. ಕತ್ತಲೆಯಲ್ಲಿ ಕಣ್ಣು ಮಾಡಲಾರದ ಕೆಲಸವನ್ನು ಕೈ ಮಾಡಬೇಕಾಗುತ್ತದೆ. ಆದುದರಿಂದ ಪ್ರತಿಯೊಂದು ವಸ್ತುವಿಗೂ ಒಂದು ನಿಶ್ಚಿತವಾದ ಸ್ಥಾನವಿರಬೇಕು, ಕಣ್ಣು ಮುಚ್ಚಿ ಕೈ ಚಾಚಿದರೂ ಅದು ಸಿಗಬೇಕು. ಬಲೆ ಕತ್ತರಿಸುವ ಚೂರಿ ಒಂದು ಕಡೆ, ನೀರು ಮೊಗೆಯುವ ಬಕೇಟು ಇನ್ನೊಂದು ಕಡೆ, ಹುಟ್ಟುಗಳು ಮತ್ತೊಂದು ಕಡೆ.

ನಾಡದೋಣಿಗಳ ಹೊರಎಂಜಿನುಗಳು ಸಾಮಾನ್ಯವಾಗಿ ಪೆಟ್ರೋಲಿನಿಂದ ಚಾಲೂ ಆಗಿ, ಬಳಿಕ ಸೀಮೆಎಣ್ಣೆಯಿಂದ ನಡೆಯುತ್ತವೆ. ಪೆಟ್ರೋಲಿನ ಆವಿ ಗಾಳಿಗಿಂತ ಭಾರವಾದುದು. ಅದು ಮೇಲೆ ಹಾರಿಹೋಗದೆ ದೋಣಿಯ ತಳದಲ್ಲಿ ಶೇಖರವಾಗುತ್ತದೆ. ಆದುದರಿಂದ ಎಣ್ಣೆ ತುಂಬುವುದನ್ನು ದಡದಲ್ಲೇ, ಹಗಲಿನಲ್ಲೇ ಮುಗಿಸಬೇಕು. ಬೀಡಿ, ಸ್ಟೌವು ಎರಡೂ ಹತ್ತಿರ ಸುಳಿಯಬಾರದು. ಎಷ್ಟು ಎಣ್ಣೆ ಬೇಕೆಂಬುದಕ್ಕೆ ಕಡಲಿನಲ್ಲಿ ಹಳೆಯದೊಂದು ಲೆಕ್ಕವಿದೆ: ಹೋಗಲು ಒಂದು ಪಾಲು, ಬರಲು ಒಂದು ಪಾಲು, ಮುಟ್ಟದೆ ಇಡಲು ಒಂದು ಪಾಲು. ಮೂವತ್ತು ಲೀಟರು ತುಂಬಿದವನು ಹತ್ತು ಲೀಟರು ಮುಗಿಯುತ್ತಲೇ, ಬಲೆ ಬರಿದಾಗಿದ್ದರೂ, ಮುಂದೆ ಹೋಗುವುದನ್ನು ನಿಲ್ಲಿಸಬೇಕು.

ಎಂಜಿನು ಕೈಕೊಟ್ಟರೆ? ಇಲ್ಲಿ ರಾತ್ರಿಗೂ ಹಗಲಿಗೂ ಇರುವ ಒಂದು ಮುಖ್ಯ ವ್ಯತ್ಯಾಸವನ್ನು ತಿಳಿಯಬೇಕು. ಹಗಲಿನಲ್ಲಿ ನೆಲ ಬೇಗ ಕಾಯುವುದರಿಂದ ಮಧ್ಯಾಹ್ನದ ಗಾಳಿ ಕಡಲಿನಿಂದ ದಡದತ್ತ ಬೀಸುತ್ತದೆ. ರಾತ್ರಿಯಲ್ಲಿ ನೆಲ ಬೇಗ ತಣಿಯುವುದರಿಂದ ಗಾಳಿ ದಡದಿಂದ ಕಡಲಿನತ್ತ ತಿರುಗುತ್ತದೆ. ಹಾಯಿಯ ಕಾಲದಲ್ಲಿ ನಮ್ಮ ಹಿರಿಯರು ಬೆಳಗಿನ ಜಾವದ ನೆಲಗಾಳಿಯಲ್ಲಿ ಹೊರಟು ಮಧ್ಯಾಹ್ನದ ಕಡಲಗಾಳಿಯಲ್ಲಿ ಮರಳುತ್ತಿದ್ದುದು ಇದರಿಂದಲೇ. ಆದರೆ ಎಂಜಿನು ನಿಂತ ದೋಣಿಗೆ ಇದೇ ಗಾಳಿ ಶತ್ರು. ಹಗಲಿನಲ್ಲಿ ಅದು ದೋಣಿಯನ್ನು ಮನೆಯ ಕಡೆಗೆ ತಳ್ಳೀತು. ರಾತ್ರಿಯಲ್ಲಿ, ಯಾರ ಕಣ್ಣಿಗೂ ಬೀಳದಂತೆ, ನಡುಗಡಲಿಗೆ ತಳ್ಳುತ್ತದೆ. 'ಗಾಳಿ ಬಂದಾಗ ತೂರಿಕೋ' ಎಂಬುದು ಕಣದ ಗಾದೆ. ಕಡಲಿನಲ್ಲಿ ಗಾಳಿ ಬಂದಾಗ ನಿಂತುಕೊಳ್ಳಲು ಕಲಿಯಬೇಕು.

ನಿಲ್ಲಿಸುವ ಸಾಧನ ಲಂಗರು. ನೀರು ಹತ್ತು ಮೀಟರು ಆಳವಿದ್ದರೆ ಹಗ್ಗ ಐವತ್ತು ಮೀಟರಾದರೂ ಇರಬೇಕು. ಹಗ್ಗ ಗಿಡ್ಡವಾದರೆ ಲಂಗರು ಕಚ್ಚದೆ ಜಾರುತ್ತದೆ. ಆಳ ಹೆಚ್ಚಾಗಿ ಲಂಗರು ತಳ ಮುಟ್ಟದಿದ್ದರೆ, ಒಂದು ಗಟ್ಟಿಯಾದ ಬಕೇಟಿಗೆ ಹಗ್ಗ ಕಟ್ಟಿ ದೋಣಿಯ ಮುಂಭಾಗದಿಂದ ನೀರಿಗೆ ಬಿಡಬೇಕು. ಅದು ನೀರನ್ನು ಹಿಡಿದೆಳೆದು ದೋಣಿಯ ಮುಖವನ್ನು ಅಲೆಗಳತ್ತ ನಿಲ್ಲಿಸುತ್ತದೆ, ತೇಲಿಹೋಗುವ ವೇಗವನ್ನೂ ತಗ್ಗಿಸುತ್ತದೆ. ಅಲೆಗೆ ಪಕ್ಕೆ ಕೊಟ್ಟ ದೋಣಿ ಮಗುಚುತ್ತದೆ; ಮುಖ ಕೊಟ್ಟ ದೋಣಿಗೆ ಬದುಕುವ ಅವಕಾಶ ಹೆಚ್ಚು.

ಮೈಮೇಲಿರಬೇಕಾದುದು

ದೋಣಿಯಲ್ಲಿ ಐದು ಜನ. ಜೀವರಕ್ಷಕ ಜಾಕೆಟ್ಟುಗಳೂ ಐದು. ಅಳಿಯ ತನ್ನದನ್ನು ಮಡಿಸಿ ತಲೆದಿಂಬಿನಂತೆ ಪಕ್ಕಕ್ಕಿಟ್ಟುಕೊಂಡ. "ನಂಗೆ ಈಜು ಬರುತ್ತೆ, ಮಾವ" ಎಂದ. ಮಾವ ಏನೂ ಹೇಳದೆ ಅದನ್ನು ಎತ್ತಿ ಅವನ ಹೆಗಲಿಗೆ ಹಾಕಿ, ತಾನೇ ಪಟ್ಟಿ ಬಿಗಿದ.

ಈಜು ಬಲ್ಲವನು ಕೊಳದಲ್ಲಿ ಈಜುತ್ತಾನೆ. ರಾತ್ರಿ, ಉಟ್ಟ ಬಟ್ಟೆಯಲ್ಲಿ, ತಲೆಗೆ ಪೆಟ್ಟು ಬಿದ್ದು ನೀರಿಗುರುಳಿದವನಿಗೆ ದಡ ಯಾವ ಕಡೆಗೆಂಬುದೇ ತಿಳಿಯದು. ನೀರಿಗೆ ಬಿದ್ದ ಮೇಲೆ ಜಾಕೆಟ್ಟು ತೊಡಲು ಹೊರಡುವುದು ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದಂತೆಯೇ. ದೋಣಿ ದಡ ಬಿಡುವ ಮೊದಲು ತೊಟ್ಟು, ದಡ ಮುಟ್ಟಿದ ಮೇಲೆಯೇ ಬಿಚ್ಚುವುದು ನಿಯಮ. ಜಾಕೆಟ್ಟಿಗೆ ಒಂದು ಸೀಟಿ ಕಟ್ಟಿರಬೇಕು. ಬೆಳಕು ಬಿದ್ದರೆ ಹೊಳೆಯುವ ಪಟ್ಟಿಯಿರಬೇಕು. ಸಾಧ್ಯವಿದ್ದರೆ ನೀರು ತಾಗದ ಸಣ್ಣ ದೀಪವೂ ಇರಬೇಕು. ಕತ್ತಲೆಯಲ್ಲಿ ಕೂಗಿದ ದನಿ ಎಂಜಿನಿನ ಸದ್ದಿನಲ್ಲಿ ಅಡಗಿಹೋಗುತ್ತದೆ, ಸೀಟಿ ಅಡಗುವುದಿಲ್ಲ.

ಉಳಿದ ಸರಂಜಾಮು ಬಹಳವೇನಿಲ್ಲ. ಹಿಡಿದ ಮೀನಿನ ಆಸೆಗಿಂತ ಹೆಚ್ಚು ಕುಡಿಯುವ ನೀರು. ನೆನೆಯದಂತೆ ಕಟ್ಟಿದ ಒಂದು ಒಣಬಟ್ಟೆ. ತಲೆಗೆ ಕಟ್ಟುವ ಬ್ಯಾಟರಿ ದೀಪ ಮತ್ತು ಇನ್ನೊಂದು ಟಾರ್ಚು. ಗಾಯಕ್ಕೆ ಔಷಧಿಯ ಪೆಟ್ಟಿಗೆ. ಬಲೆಯಲ್ಲಿ ಮೀನಿನೊಡನೆ ತೊರಕೆಯ ಮುಳ್ಳೂ, ಒಮ್ಮೊಮ್ಮೆ ವಿಷದ ಕಡಲಹಾವೂ ಬರುವುದುಂಟು; ಆದುದರಿಂದ ಬಲೆಯನ್ನು ಬರಿಗೈಯಿಂದ, ಬೆಳಕಿಲ್ಲದೆ ಬಿಡಿಸಬಾರದು. ಹೊಟ್ಟೆಗೆ ಹಗುರವಾದ ಗಂಜಿ ಸಾಕು. ಮದ್ಯ ಮಾತ್ರ ಸರ್ವಥಾ ಕೂಡದು. ಅಮಲೇರಿದವನು ದೋಣಿಯಂಚಿಗೆ ಹೋಗಿ ನಿಂತರೆ ಅಲೆಗೆ ಒಂದು ಕ್ಷಣ ಸಾಕು.

ಬೆಳಕಿನ ಭಾಷೆ

ಕತ್ತಲೆಯ ಕಡಲಿನಲ್ಲಿ ದೀಪವೇ ಮಾತು. ಬೋಟಿನ ಎಡಕ್ಕೆ ಕೆಂಪು, ಬಲಕ್ಕೆ ಹಸಿರು, ಮೇಲೆ ಎಲ್ಲ ಕಡೆಗೂ ಕಾಣುವ ಬಿಳಿ - ಇದು ಎಂಜಿನು ನಡೆಸುತ್ತಿರುವ ಸಣ್ಣ ದೋಣಿಯ ಗುರುತು. 1972ರ ಅಂತರರಾಷ್ಟ್ರೀಯ ನಿಯಮಗಳ ಪ್ರಕಾರ, ತಳಬಲೆ ಎಳೆಯುವ ಟ್ರಾಲರ್ ಬೋಟು ಹಸಿರಿನ ಕೆಳಗೆ ಬಿಳಿ ದೀಪವನ್ನೂ, ಬೇರೆ ಬಗೆಯ ಬಲೆ ಬಿಟ್ಟಿರುವ ಬೋಟು ಕೆಂಪಿನ ಕೆಳಗೆ ಬಿಳಿ ದೀಪವನ್ನೂ ತೋರಿಸುತ್ತದೆ. ಈ ಭಾಷೆಯನ್ನು ಓದಲು ಬಲ್ಲವನಿಗೆ ದೂರದ ಚುಕ್ಕಿಗಳೂ ಕಥೆ ಹೇಳುತ್ತವೆ. ಕೆಂಪೊಂದೇ ಕಂಡರೆ ಆ ಹಡಗಿನ ಎಡಪಕ್ಕ ಇತ್ತ ಇದೆ. ಹಸಿರೊಂದೇ ಕಂಡರೆ ಬಲಪಕ್ಕ. ಎರಡೂ ಒಟ್ಟಿಗೆ ಕಂಡರೆ ಹಡಗು ನೇರವಾಗಿ ಇತ್ತಲೇ ಬರುತ್ತಿದೆ! ದೀಪ ದಿಕ್ಕು ಬದಲಿಸದೆ ಕ್ಷಣಕ್ಷಣಕ್ಕೂ ದೊಡ್ಡದಾಗುತ್ತಿದ್ದರೆ ಡಿಕ್ಕಿ ನಿಶ್ಚಯ. ತಡಮಾಡದೆ ದಾರಿ ಬಿಡಬೇಕು. ನವಮಂಗಳೂರು ಬಂದರಿಗೆ ಹೋಗಿ ಬರುವ ಭಾರೀ ಹಡಗುಗಳು ಕೂಡಲೇ ನಿಲ್ಲಲಾರವು. ಮರದ, ಫೈಬರಿನ ಸಣ್ಣ ದೋಣಿ ಅವುಗಳ ರೇಡಾರಿನಲ್ಲಿ ಕಾಣದೆಯೂ ಹೋಗಬಹುದು.

ರಾತ್ರಿಯ ಮೀನುಗಾರಿಕೆಯೆಂದರೆ ಪ್ರಖರವಾದ ದೀಪ ಹಾಕಿ ಮೀನು ಸೆಳೆಯುವುದೆಂದು ತಿಳಿದವರೂ ಇದ್ದಾರೆ. ಎಲ್‌ಇಡಿ ಮೊದಲಾದ ಕೃತಕ ಬೆಳಕಿನಿಂದ ಮೀನು ಹಿಡಿಯುವುದನ್ನು 2017ರ ನವೆಂಬರಿನಲ್ಲಿ ಕೇಂದ್ರ ಸರ್ಕಾರ ನಿಷೇಧಿಸಿದೆ. ಅದಲ್ಲದೆ, ಅತಿ ಬೆಳಕು ಕಣ್ಣಿಗೂ ಕೇಡು. ಕಣ್ಣು ಕತ್ತಲೆಗೆ ಸಂಪೂರ್ಣವಾಗಿ ಹೊಂದಿಕೊಳ್ಳಲು ಸುಮಾರು ಅರ್ಧ ಗಂಟೆ ಬೇಕು. ಒಂದು ಟಾರ್ಚಿನ ಬೆಳಕು ಮುಖಕ್ಕೆ ಬಿದ್ದರೆ ಆ ಅರ್ಧ ಗಂಟೆ ವ್ಯರ್ಥ. ದೋಣಿಯೊಳಗಿನ ಕೆಲಸಕ್ಕೆ ಮಂದವಾದ ಕೆಂಪು ಬೆಳಕು ಸಾಕು.

ದಿಕ್ಕಿಗೆ ದಿಕ್ಸೂಚಿಯಿರಲಿ. ಎಲ್ಲ ಯಂತ್ರಗಳೂ ಸೋತರೂ, ನಮ್ಮ ಕರಾವಳಿಯಲ್ಲಿ ಪೂರ್ವಕ್ಕೆ ಹೊರಟವನು ದಡ ಸೇರುತ್ತಾನೆ. ಆದರೆ ದಿಕ್ಸೂಚಿಯ ಪಕ್ಕದಲ್ಲಿ ಮೊಬೈಲನ್ನೋ ಕಬ್ಬಿಣದ ಸಾಮಾನನ್ನೋ ಇಟ್ಟರೆ ಮುಳ್ಳು ಸುಳ್ಳು ಹೇಳುತ್ತದೆ. ಆಗ ಅದನ್ನು ಪರೀಕ್ಷಿಸಲು ಧ್ರುವನಕ್ಷತ್ರವಿದೆ. ಈ ಅಕ್ಷಾಂಶದಲ್ಲಿ ಅದು ಉತ್ತರ ದಿಗಂತದಿಂದ ಹದಿನಾಲ್ಕು ಡಿಗ್ರಿಯಷ್ಟೇ ಮೇಲಿರುತ್ತದೆ. ಕೈ ಚಾಚಿ ಹಿಡಿದ ಮುಷ್ಟಿಯಿಂದ ಅಳೆದರೆ ಒಂದೂವರೆ ಮುಷ್ಟಿಗೂ ಸ್ವಲ್ಪ ಕಡಿಮೆ.

ದಡದಲ್ಲಿ ಉಳಿಯುವ ಚೀಟಿ

ಎಲ್ಲವೂ ಸಿದ್ಧವಾಯಿತೆಂದು ಅಳಿಯ ದೋಣಿ ಹತ್ತಲು ಹೊರಟಾಗ ಮಾವ ಒಂದು ಕಾಗದ ಕೇಳಿದ. ದೋಣಿಯ ನೋಂದಣಿ ಸಂಖ್ಯೆ, ಐವರ ಹೆಸರು, ಹೋಗುವ ದಿಕ್ಕು, ಎಷ್ಟು ದೂರ, ಎಷ್ಟು ಎಣ್ಣೆ, ಮರಳುವ ಹೊತ್ತು - ಇಷ್ಟನ್ನೂ ಬರೆಸಿ, ಸೊಸೆಯ ಕೈಗೆ ಕೊಟ್ಟ. ಕೊನೆಯ ಸಾಲು ಎಲ್ಲಕ್ಕಿಂತ ಮುಖ್ಯವಾದುದು: ಬೆಳಿಗ್ಗೆ ಎಂಟು ಗಂಟೆಯವರೆಗೆ ಸುದ್ದಿ ಬಾರದಿದ್ದರೆ ಕರೆ ಮಾಡತಕ್ಕ ಸಂಖ್ಯೆ. ಭಾರತೀಯ ಕರಾವಳಿ ರಕ್ಷಣಾ ಪಡೆಯ ಕಡಲ ರಕ್ಷಣೆಯ ದೂರವಾಣಿ 1554.

"ಇದೆಲ್ಲ ಬರೆದುಕೊಟ್ಟರೆ ಅಪಶಕುನ ಅಲ್ಲವೇ?" ಎಂದು ಅವಳು ಕೇಳಿದಳು. ಅಂಥ ಭಾವನೆ ಅನೇಕ ಮನೆಗಳಲ್ಲಿದೆ. ಆದರೆ ಕಡಲಿನ ವಿಸ್ತಾರವನ್ನು ಬಲ್ಲವರು ಹಾಗೆ ಹೇಳಲಾರರು. 2018ರ ಡಿಸೆಂಬರ್ 13ರಂದು ಮಲ್ಪೆಯಿಂದ ಏಳು ಮೀನುಗಾರರನ್ನು ಹೊತ್ತು ಹೊರಟ 'ಸುವರ್ಣ ತ್ರಿಭುಜ' ಎಂಬ ಬೋಟು ಕೆಲವೇ ದಿನಗಳಲ್ಲಿ ಸಂಪರ್ಕ ಕಡಿದುಕೊಂಡಿತು. ನೌಕಾಪಡೆ, ಕರಾವಳಿ ರಕ್ಷಣಾ ಪಡೆಗಳು ಹುಡುಕಿದವು. ಅದರ ಅವಶೇಷ ಮಹಾರಾಷ್ಟ್ರದ ಮಾಲ್ವಣದ ಸಮೀಪ ಕಡಲ ತಳದಲ್ಲಿ ಸಿಕ್ಕಿದ್ದು 2019ರ ಮೇ ತಿಂಗಳಿನ ಆರಂಭದಲ್ಲಿ. ದೊಡ್ಡದೊಂದು ಬೋಟನ್ನು ಹುಡುಕಲು ನಾಲ್ಕೂವರೆ ತಿಂಗಳು! ಹೀಗಿರುವಾಗ, ಯಾವ ದಿಕ್ಕಿಗೆ ಹೋಯಿತೆಂದು ಯಾರಿಗೂ ತಿಳಿಯದ ಒಂದು ನಾಡದೋಣಿಯನ್ನು ಎಲ್ಲಿ ಹುಡುಕಬೇಕು? ಮನೆಯಲ್ಲಿರುವ ಆ ಚೀಟಿ ನೂರಾರು ಚದರ ಮೈಲಿಗಳ ಕತ್ತಲೆಯನ್ನು ಕೈಗೆಟುಕುವಷ್ಟಕ್ಕೆ ಇಳಿಸುತ್ತದೆ.

ಮೊಬೈಲನ್ನೊಂದನ್ನೇ ನಂಬುವುದು ತಪ್ಪು. ದಡ ದೂರವಾದಂತೆ ಅದು ಮೂಕವಾಗುತ್ತದೆ. ವಿ.ಎಚ್.ಎಫ್. ರೇಡಿಯೋ ಇದ್ದರೆ ಅದರ 16ನೆಯ ಚಾನೆಲ್ಲು ಆಪತ್ತಿನ ಕರೆಗೆ ಮೀಸಲು. ಇಸ್ರೋ ರೂಪಿಸಿದ ಆಪತ್ಸೂಚಕ ಯಂತ್ರ 2010ರಿಂದ ಬಳಕೆಯಲ್ಲಿದೆ; ಗುಂಡಿ ಒತ್ತಿದರೆ ದೋಣಿ ಇರುವ ಸ್ಥಳ ಉಪಗ್ರಹದ ಮೂಲಕ ರಕ್ಷಣಾ ಕೇಂದ್ರಕ್ಕೆ ತಿಳಿಯುತ್ತದೆ. 2024ರಲ್ಲಿ ಬಂದ ಅದರ ಎರಡನೆಯ ಪೀಳಿಗೆ, ಕರೆ ತಲುಪಿತೆಂಬ ಮರುತ್ತರವನ್ನೂ ದೋಣಿಗೆ ಕಳುಹಿಸುತ್ತದೆ. ನಡುಗಡಲಿನಲ್ಲಿರುವವನಿಗೆ 'ಕೇಳಿಸಿತು' ಎಂಬ ಒಂದು ಮಾತಿಗಿಂತ ದೊಡ್ಡ ಧೈರ್ಯ ಬೇರೆ ಯಾವುದಿದೆ?

ಅಳಿವೆಯ ಬಾಗಿಲಲ್ಲಿ

ದೋಣಿ ಹೊರಟಿತು. ದಾರಿಯಲ್ಲಿ ಮಾವ ಇನ್ನೆರಡು ಮಾತು ಹೇಳಿದ. ಬಲೆ ನೀರಿಗಿಳಿಯುವಾಗ ಹಗ್ಗದ ಸುರುಳಿಯೊಳಗೆ ಕಾಲಿಡಬಾರದು. ಓಡುವ ಹಗ್ಗ ಮನುಷ್ಯನನ್ನೂ ಎಳೆದುಕೊಂಡೇ ಹೋಗುತ್ತದೆ. ಯಾರಾದರೂ ನೀರಿಗೆ ಬಿದ್ದರೆ ಎಲ್ಲರೂ ಒಮ್ಮೆಲೇ ಗಾಬರಿಯಾಗಿ ಒಂದೇ ಪಕ್ಕಕ್ಕೆ ನುಗ್ಗಬಾರದು. ಒಬ್ಬ ತೇಲುವ ವಸ್ತುವನ್ನು ಎಸೆಯಬೇಕು, ಇನ್ನೊಬ್ಬ ಬಿದ್ದವನ ಮೇಲಿಂದ ಕಣ್ಣು ಕೀಳದೆ ಬೆರಳು ತೋರಿಸುತ್ತಲೇ ಇರಬೇಕು, ಹತ್ತಿರ ಬಂದೊಡನೆ ಎಂಜಿನಿನ ರೆಕ್ಕೆ ತಿರುಗುವುದನ್ನು ನಿಲ್ಲಿಸಬೇಕು. ಕತ್ತಲೆಯಲ್ಲಿ ಒಮ್ಮೆ ಕಣ್ಣು ತಪ್ಪಿದ ತಲೆ ಮತ್ತೆ ಕಾಣುವುದು ದುರ್ಲಭ.

ಆ ರಾತ್ರಿ ಅಂಥದೇನೂ ನಡೆಯಲಿಲ್ಲ. ಬಲೆ ಎಳೆದಾಗ ನೀರು ಬೆಂಕಿಯ ಕಿಡಿಗಳಂತೆ ಮಿನುಗಿತು. ಸೂಕ್ಷ್ಮ ಜೀವಿಗಳ ಆ ಬೆಳಕನ್ನು ಅಳಿಯ ಮಗುವಿನಂತೆ ಬಗ್ಗಿ ನೋಡಿದ. ಬುಟ್ಟಿಗೆ ಬಂದದ್ದು ಸ್ವಲ್ಪ ಬಂಗುಡೆ, ಸ್ವಲ್ಪ ಬೂತಾಯಿ. ನಾಲ್ಕೂವರೆಗೆ ದೋಣಿ ಅಳಿವೆಯ ಹೊರಗೆ ಬಂದು ತಲುಪಿತು. ಊರಿನ ದೀಪಗಳು ಕಾಣುತ್ತಿದ್ದವು. ಮನೆ ಇನ್ನೇನು ಕೂಗಳತೆಯಲ್ಲಿದೆ. ಆದರೆ ಮಾವ ಎಂಜಿನು ತಗ್ಗಿಸಿ ಅಲ್ಲಿಯೇ ನಿಂತ.

ಪಯಣದಲ್ಲಿ ಅತ್ಯಂತ ಅಪಾಯದ ಸ್ಥಳ ನಡುಗಡಲಲ್ಲ. ಮನೆಯ ಬಾಗಿಲಿನಂತಿರುವ ಈ ಅಳಿವೆಯೇ. ಇಳಿತದ ಹೊತ್ತಿನಲ್ಲಿ ನದಿಯ ನೀರು ಹೊರಗೆ ನುಗ್ಗುತ್ತದೆ, ಕಡಲಿನ ಅಲೆ ಒಳಗೆ ನುಗ್ಗುತ್ತದೆ. ಎರಡೂ ಮರಳದಿಬ್ಬದ ಮೇಲೆ ಸೇರಿ ಕಡಿದಾಗಿ ಎದ್ದು ಮುರಿಯುತ್ತವೆ. ಉಬ್ಬರದಿಂದ ಉಬ್ಬರಕ್ಕೆ ಸುಮಾರು 12 ಗಂಟೆ 25 ನಿಮಿಷ; ಆದುದರಿಂದ ದಿನದಿಂದ ದಿನಕ್ಕೆ ಆ ಹೊತ್ತು ಐವತ್ತು ನಿಮಿಷದಷ್ಟು ಮುಂದಕ್ಕೆ ಹೋಗುತ್ತದೆ. ಅಮಾವಾಸ್ಯೆ, ಹುಣ್ಣಿಮೆಗಳಲ್ಲಿ ಸೆಳೆತ ಇನ್ನೂ ಬಿರುಸು. ಈ ಲೆಕ್ಕವನ್ನು ಹೊರಡುವ ಮೊದಲೇ ಮಾಡಿಟ್ಟುಕೊಂಡು, ನೀರು ಏರುವಾಗ, ದಿಬ್ಬ ಕಣ್ಣಿಗೆ ಕಾಣುವ ಬೆಳಕಿನಲ್ಲಿ ಅಳಿವೆ ದಾಟಬೇಕು. ರಾತ್ರಿಯೆಲ್ಲ ಎಚ್ಚರವಾಗಿದ್ದವರು ಪ್ರಾಣ ಕಳೆದುಕೊಳ್ಳುವುದು ಎಷ್ಟೋ ವೇಳೆ ಮನೆಯ ದೀಪ ಕಂಡ ಮೇಲಿನ ಅವಸರದಿಂದ.

ಪೂರ್ವದಲ್ಲಿ ಕೊಡಚಾದ್ರಿಯ ಕಡೆಯ ಬೆಟ್ಟಸಾಲು ನಸುಗೆಂಪಾಗುವವರೆಗೆ ಅವರು ಕಾದರು. ಚಳಿಯಲ್ಲಿ ಮುದುಡಿ ಕುಳಿತಿದ್ದ ಅಳಿಯ ಈಗ ಅವಸರಪಡಿಸಲಿಲ್ಲ. ಜಾಕೆಟ್ಟಿನ ಪಟ್ಟಿಯನ್ನು ತಾನಾಗಿಯೇ ಇನ್ನೊಮ್ಮೆ ಬಿಗಿದುಕೊಂಡ. ಆರೂವರೆಯ ಬೆಳಕಿನಲ್ಲಿ, ಏರುವ ನೀರಿನ ಬೆನ್ನ ಮೇಲೆ, ದೋಣಿ ನಿಧಾನವಾಗಿ ಒಳಗೆ ಬಂದಿತು.

ದಕ್ಕೆಯ ಮೇಲೆ ಅವಳು ನಿಂತಿದ್ದಳು. ಕೈಯಲ್ಲಿ ನಾಲ್ಕು ಮಡಿಕೆಯ ಆ ಚೀಟಿ. ಏಳು ಗಂಟೆಗೆ ಇನ್ನೂ ಹತ್ತು ನಿಮಿಷವಿತ್ತು. ಐದು ತಲೆಗಳನ್ನು ಎಣಿಸಿ, ಅವಳು ಆ ಕಾಗದವನ್ನು ಹರಿದು ನೀರಿಗೆ ಹಾಕಹೊರಟಾಗ, ಮಾವ ದೋಣಿಯಿಂದಲೇ ಕೈಯೆತ್ತಿ ತಡೆದ. ಹೆಸರು, ದಿಕ್ಕು, ಹೊತ್ತು ಎಲ್ಲವೂ ಬರೆದೇ ಇದೆ; ತಾರೀಖನ್ನು ಮಾತ್ರ ತಿದ್ದಿದರೆ ನಾಳೆಗೂ ಅದು ಬೇಕಾಗುತ್ತದೆ.